ಸ್ಕಂದಗಿರಿಯ ತಪ್ಪಲಿನಲ್ಲಿ ಒಂದು ಹಾಸಿಗೆ

ಕಳೆದ ಮಾರ್ಗಶಿರದಲ್ಲಿ ಮಕ್ಕಳ ಒತ್ತಾಯಕ್ಕೆ ಮಣಿದು ನಾವು ಸ್ಕಂದಗಿರಿಗೆ ಹೊರಟೆವು. ಬೆಟ್ಟದ ಮೇಲೆ ರಾತ್ರಿ ತಂಗಲು ಈಗ ಅವಕಾಶವಿಲ್ಲ; ಮುಂಗಡ ನೋಂದಣಿ ಮಾಡಿಸಿ ನಸುಕಿನಲ್ಲಿ ಹತ್ತಬೇಕು. ಆದ್ದರಿಂದ ಕಳವಾರದ ಕಡೆಯ ರೈತರೊಬ್ಬರ ಹೊಲದ ಅಂಚಿನಲ್ಲಿ ಡೇರೆ ಹಾಕಿ ಮಲಗುವುದೆಂದು ನಿಶ್ಚಯವಾಯಿತು. ಎಪ್ಪತ್ತೊಂಬತ್ತರ ನನ್ನ ತಾಯಿ ತಾವೂ ಬರುವುದಾಗಿ ಹೇಳಿದರು. ಬೆಟ್ಟ ಹತ್ತುವುದಿಲ್ಲ, ಡೇರೆಯಲ್ಲಿ ಮಲಗುತ್ತೇನೆ ಎಂದರು. ಆ ದಿನ ಶುಕ್ಲ ಚತುರ್ದಶಿ. ಪರ್ವದ ದಿನಗಳಲ್ಲಿ ಅವರು ಏಕಭುಕ್ತದಲ್ಲಿದ್ದು ನೆಲದ ಮೇಲೆಯೇ ಮಲಗುವವರು. ಮಂಡಿನೋವಿನ ಈ ವಯಸ್ಸಿನಲ್ಲೂ ಆ ನಿಯಮವನ್ನು ಬಿಟ್ಟಿಲ್ಲ.

ಹೀಗಾಗಿ ಹಾಸಿಗೆಯ ಆಯ್ಕೆ ನಮ್ಮ ಮನೆಯಲ್ಲಿ ಒಂದು ವಾರದ ಚರ್ಚೆಯಾಯಿತು. ನಾನು ಮೊದಲು ಗಾಳಿ ತುಂಬುವ ಹಾಸಿಗೆಯನ್ನು ತಂದೆ. ಅದರ ಮೇಲೆ ಹೊದೆಯಲು ಬಾತುಕೋಳಿಯ ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಒಳ್ಳೆಯದೆಂದು ಮಿತ್ರರು ಹೇಳಿದ್ದರು. ಹಗುರ, ಬೆಚ್ಚಗೆ, ಮಡಿಸಿದರೆ ತಂಬಿಗೆಯಷ್ಟೇ ಗಾತ್ರ. ಪುಕ್ಕ ಎಂಬ ಮಾತು ಕೇಳಿದೊಡನೆ ಅಮ್ಮ ಅದನ್ನು ಮುಟ್ಟಲಿಲ್ಲ. ನನ್ನ ಹೆಂಡತಿ ಒಳವಸ್ತ್ರವಾಗಿ ರೇಷ್ಮೆಯ ಚೀಲವನ್ನು ಸೂಚಿಸಿದಳು. ನಾವು ಹೋಗುತ್ತಿದ್ದುದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಪಕ್ಕದ ಸೀಮೆಗೆ. ಆದರೆ ಗೂಡಿನೊಳಗಿನ ಹುಳುವನ್ನು ಹಬೆಯಲ್ಲೋ ಬಿಸಿಗಾಳಿಯಲ್ಲೋ ಕೊಂದೇ ನೂಲು ತೆಗೆಯುವುದನ್ನು ಅಮ್ಮ ಬಲ್ಲರು. ಅದೂ ಆಗಲಿಲ್ಲ. ಕುರಿಯನ್ನು ಕೊಲ್ಲದೆ ಉಣ್ಣೆ ಕತ್ತರಿಸುತ್ತಾರೆಂಬ ಕಾರಣಕ್ಕೆ ಕಂಬಳಿ ಉಳಿಯಿತು. ಚಳ್ಳಕೆರೆಯ ಕಡೆಯಿಂದ ಬಂದ, ಹುಣಸೆಬೀಜದ ಗಂಜಿಯ ಬಿಗಿ ಇನ್ನೂ ಆರದ ಕರಿ ಕಂಬಳಿಗಳು ನಮ್ಮಲ್ಲಿ ಎರಡಿದ್ದವು. ಗಾಳಿಯ ಹಾಸಿಗೆಯ ಬಗೆಗೆ ಮಾತ್ರ ಅಮ್ಮ ಬೇರೆಯದೇ ಪ್ರಶ್ನೆ ಕೇಳಿದರು: “ಇದರ ಕೆಳಗೆ ಏನಿದೆ ಎಂದು ಹೇಗೆ ನೋಡುವುದು?”

ಮೆತ್ತಗಿದೆಯೇ ಎಂದು ಅವರು ಕೇಳಲೇ ಇಲ್ಲ. ಅದು ನನ್ನನ್ನು ಅನೇಕ ವರ್ಷಗಳಿಂದ ಪಾಠ ಹೇಳುತ್ತ ಬಂದ ಗ್ರಂಥವೊಂದರ ಕಡೆಗೆ ತಿರುಗಿಸಿತು.

‘ವಡ್ಡಾರಾಧನೆ’ಯ ಮೊದಲ ಕಥೆ ಸುಕುಮಾರಸ್ವಾಮಿಯದು. ಈ ಕಥೆಯನ್ನೇ ಮುಂದೆ ಶಾಂತಿನಾಥನು 1068ರಲ್ಲಿ ‘ಸುಕುಮಾರಚರಿತಂ’ ಎಂಬ ಚಂಪುವಾಗಿ ಹಿಗ್ಗಿಸಿದನು. ಉಜ್ಜಯಿನಿಯ ಈ ಶ್ರೇಷ್ಠಿಪುತ್ರನ ಸೌಕುಮಾರ್ಯ ಎಂಥದೆಂದರೆ, ಅರಸನು ಮನೆಗೆ ಬಂದಾಗ ಸೇಸೆಯಾಗಿ ತಳಿದ ಬಿಳಿಸಾಸಿವೆಯ ಕಾಳು ಆಸನದಲ್ಲಿ ಒತ್ತಿ ಅವನಿಗೆ ನೆಟ್ಟಗೆ ಕುಳಿತುಕೊಳ್ಳಲಾಗುವುದಿಲ್ಲ. ಅರಸನಿಗೂ ಕೊಳ್ಳಲಾಗದ ರತ್ನಗಂಬಳಿಯನ್ನು ಅವನ ತಾಯಿ ಯಶೋಭದ್ರೆ ಕೊಂಡು, ಹರಿದು, ಸೊಸೆಯರಿಗೆ ಮೆಟ್ಟು ಮಾಡಿಸುತ್ತಾಳೆ. ತರಗತಿಯಲ್ಲಿ ನಾನು ಈ ಭಾಗವನ್ನು ಭೋಗದ ಅತಿರೇಕವೆಂದು ತೋರಿಸಿ, ಆಮೇಲೆ ಅವನು ಬಟ್ಟೆಗಳನ್ನು ಗಂಟು ಹಾಕಿ ಮಾಡದಿಂದ ಇಳಿದು ಹೋಗುವುದನ್ನೂ, ಬರಿಗಾಲಿನ ನೆತ್ತರ ಜಾಡು ಹಿಡಿದು ಬಂದ ನರಿ ತನ್ನ ಮರಿಗಳೊಡನೆ ಅವನನ್ನು ತಿನ್ನುವುದನ್ನೂ ವಿರಾಗದ ಶಿಖರವೆಂದು ವಿವರಿಸುತ್ತಿದ್ದೆ. ಒಂದು ಕಡೆ ಮೆತ್ತನೆಯದು, ಇನ್ನೊಂದು ಕಡೆ ಕಠೋರವಾದುದು. ನಡುವೆ ಏನೂ ಇಲ್ಲ. ವಿದ್ಯಾರ್ಥಿಗಳಿಗೂ ಈ ವೈದೃಶ್ಯ ಇಷ್ಟವಾಗುತ್ತಿತ್ತು, ಉತ್ತರಪತ್ರಿಕೆಗೆ ಅನುಕೂಲವಾದುದರಿಂದಲೂ ಇರಬಹುದು.

ಆದರೆ ‘ವಡ್ಡಾರಾಧನೆ’ಯ ಕಥೆಗಳು ನಿಂತಿರುವುದು ಶಿವಾರ್ಯನ ಪ್ರಾಕೃತ ‘ಭಗವತೀ ಆರಾಧನಾ’ದ ಗಾಹೆಗಳ ಮೇಲೆ. ಆ ಗ್ರಂಥ ಆರಾಧಕನ ಹಾಸಿಗೆಯನ್ನು, ಅಂದರೆ ಸಂಸ್ತರವನ್ನು, ನಾಲ್ಕು ಬಗೆಯಾಗಿ ಹೇಳುತ್ತದೆ: ನೆಲ, ಶಿಲೆ, ಹಲಗೆ, ಹುಲ್ಲು. ನೆಲವಾದರೆ ಸಮವಾಗಿರಬೇಕು, ಗಟ್ಟಿಯಾಗಿರಬೇಕು, ತೇವವಿರಬಾರದು, ಬಿಲಗಳಿರಬಾರದು, ಪ್ರಾಣಿಗಳಿರಬಾರದು, ನೋಡಲು ಬೆಳಕಿರಬೇಕು. ಹಲಗೆಯಾದರೆ ಒಂದೇ ತುಂಡು, ಮೈಯಳತೆಯದು, ಸೀಳು ತೂತುಗಳಿಲ್ಲದ್ದು, ನುಣುಪಾದುದು. ಹುಲ್ಲಿಗೆ ಗಂಟಿರಬಾರದು, ಪೊಳ್ಳಿರಬಾರದು. ಸುಲಭವಾಗಿ ಪರೀಕ್ಷಿಸಿ ನೋಡುವಂತಿರಬೇಕು, ಮತ್ತು ಮೃದುವಾಗಿರಬೇಕು. ಈ ಕೊನೆಯ ಮಾತನ್ನು ನಾನು ಎಷ್ಟೋ ಸಲ ಓದಿದ್ದರೂ ಗಮನಿಸಿರಲಿಲ್ಲ. ದೇಹವನ್ನು ಬಿಡಲು ಹೊರಟವನಿಗೂ ಹುಲ್ಲು ಮೆತ್ತಗಿರಲಿ ಎನ್ನುವ ಶಾಸ್ತ್ರ ಅದು.

ಶಿಲೆಯ ಹಾಸಿಗೆಗಳಂತೂ ಇಂದಿಗೂ ಕಣ್ಣಿಗೆ ಕಾಣುತ್ತವೆ. ತಮಿಳುನಾಡಿನ ಸಿತ್ತನ್ನವಾಸಲ್‌ನ ಏಳಡಿಪಟ್ಟಂ ಎಂಬ ಗುಹೆಯಲ್ಲಿ ಹದಿನೇಳು ಶಯ್ಯೆಗಳನ್ನು ಕಡೆದು ನಯಗೊಳಿಸಿದ್ದಾರೆ, ತಲೆಯ ಕಡೆಗೆ ದಿಂಬಿನಂತೆ ಉಬ್ಬು ಬಿಟ್ಟಿದ್ದಾರೆ. ಅಲ್ಲಿನ ತಮಿಳು ಬ್ರಾಹ್ಮೀ ಬರಹವೊಂದು ಆ ಶಯ್ಯೆಯನ್ನು ಎರುಮೈನಾಡಿನಲ್ಲಿ ಹುಟ್ಟಿದವನೊಬ್ಬನಿಗಾಗಿ ಮಾಡಿಸಿದುದೆಂದು ಹೇಳುತ್ತದೆ. ಎರುಮೈ ಎಂದರೆ ಎಮ್ಮೆ. ಎರುಮೈನಾಡನ್ನು ನಮ್ಮ ಮೈಸೂರು ಸೀಮೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಕಡೆಯಿಂದ ನಡೆದುಹೋದ ಒಬ್ಬನಿಗೆ ಯಾರೋ ಕಲ್ಲಿನಲ್ಲಿ ದಿಂಬು ಬಿಟ್ಟು ಹಾಸಿಗೆ ಮಾಡಿಕೊಟ್ಟರು. ನಾವು ಹೊರಟಿದ್ದ ನೆಲವೂ ಈ ಪರಂಪರೆಗೆ ಹೊರಗಿನದಲ್ಲ. ತಮ್ಮನ್ನು ‘ನಂದಗಿರಿನಾಥ’ರೆಂದು ಕರೆದುಕೊಂಡ ಗಂಗರ ಬೆಟ್ಟಸಾಲು ಇದು. ರೈಸ್ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ, ನಂದಿಯ ಬಳಿಯ ಗೋಪಿನಾಥ ಬೆಟ್ಟದ ಜಿನಚೈತ್ಯವನ್ನು ದಾಶರಥಿ ರಾಮನಿಗೂ ಕುಂತಿಗೂ ಸಂಬಂಧಿಸಿ ಹೇಳುವ ಶಾಸನವಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಹೊಲ ಸೇರಿದೆವು. ಅಮ್ಮ ಡೇರೆಯ ಜಾಗವನ್ನು ತಾವೇ ಆರಿಸಿದರು. ನಾನು ತೋರಿಸಿದ ತಗ್ಗಿನ ಹಸಿರು ಅವರಿಗೆ ಒಪ್ಪಿಗೆಯಾಗಲಿಲ್ಲ, ಅಂಗೈಯೂರಿ ತೇವವೆಂದರು. ಸ್ವಲ್ಪ ಮೇಲೆ, ಕೊಯ್ಲಾದ ಗಟ್ಟಿ ನೆಲದಲ್ಲಿ ಇರುವೆಯ ಸಾಲಿಲ್ಲವೆಂದು ನೋಡಿ ಅಲ್ಲಿ ಹಾಕಿಸಿದರು. ಬಳಿಕ ಹೊಲದ ಮನೆಯಾಕೆಯ ಬಳಿ ನೆಲ್ಲುಹುಲ್ಲು ಕೇಳಿದರು. ತೆಲುಗು ಬೆರೆತ ಅಲ್ಲಿನ ಕನ್ನಡದಲ್ಲಿ ಆಕೆ, ರಾಗಿಹುಲ್ಲೇ ಇರುವುದು ಎಂದಳು. ಮೆದೆಯ ಬಿಸಿಲು ಬಿದ್ದ ಮಗ್ಗುಲಿನಿಂದ ಎರಡು ಹೊರೆ ತರಿಸಿ, ಅಮ್ಮ ಹೊತ್ತು ಮುಳುಗುವ ಮೊದಲೇ ಕುಳಿತು ಎಳೆಎಳೆಯಾಗಿ ಕೊಡವಿ, ಗಂಟಿನ ದಪ್ಪ ಬುಡಗಳನ್ನು ಮುರಿದು ತೆಗೆದು, ಗೇಣೆತ್ತರ ಹಾಸಿದರು. ಅದರ ಮೇಲೆ ಈಚಲು ಚಾಪೆ, ಮೇಲೊಂದು ಕಂಬಳಿ. ಕೈ ಅದೆಷ್ಟು ಬಳಗಿದ್ದಿತೆಂದರೆ, ಎಲ್ಲಿ ಕಲಿತಿರಿ ಎಂದು ಕೇಳಿದೆ.

“ಅಪ್ಪನಿಗೆ ನಾನೇ ಹಾಸಿದ್ದು” ಎಂದರು.

ನನ್ನ ತಾತ ಸಮಾಧಿಮರಣ ಹೊಂದಿದರೆಂದು ನನಗೆ ಗೊತ್ತಿತ್ತು. ಆ ಸಂಸ್ತರವನ್ನು ದಿನವೂ ಬಿಚ್ಚಿ, ನೋಡಿ, ಮತ್ತೆ ಹಾಸಿದವಳು ಇಪ್ಪತ್ತು ತುಂಬದ ಮಗಳೆಂದು ಗೊತ್ತಿರಲಿಲ್ಲ. ಕೊನೆಕೊನೆಗೆ ಒಂದು ಕಡ್ಡಿಯೂ ಅವರಿಗೆ ಒತ್ತುತ್ತಿತ್ತು, ಹೇಳುತ್ತಿರಲಿಲ್ಲ, ಮುಖ ನೋಡಿ ತಿಳಿಯಬೇಕಾಗಿತ್ತು ಎಂದು ಅಮ್ಮ ಹೇಳಿದರು. ಮಾತನ್ನು ಮುಂದುವರಿಸಲಿಲ್ಲ. ಸಾಸಿವೆಯ ಕಾಳಿನ ಆ ಪ್ರಸಂಗವನ್ನು ನಾನು ಇನ್ನು ಮೊದಲಿನಂತೆ ಪಾಠ ಹೇಳಲಾರೆ.

ರಾತ್ರಿ ಆಕಾಶ ತಿಳಿಯಾಗಿತ್ತು. ಅಂಥ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ತಣ್ಣಗಿನ ಗಾಳಿ ಭಾರವಾಗಿ ತಪ್ಪಲಿಗೆ ಇಳಿಯುತ್ತದೆ. ನನ್ನ ಗಾಳಿಯ ಹಾಸಿಗೆ ಬೆನ್ನಿಗೆ ಸುಖವಾಗಿತ್ತು, ಒಂದು ಗಂಟೆಯ ಮಟ್ಟಿಗೆ. ಆಮೇಲೆ ಕೆಳಗಿನಿಂದ ಚಳಿ ಏರತೊಡಗಿತು. ಆ ಅಗಲವಾದ ಹೊಟ್ಟೆಯೊಳಗೆ ಗಾಳಿ ಸುತ್ತಾಡುತ್ತ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ. ಮೇಲೆ ಎಷ್ಟು ಹೊದ್ದರೂ ಪ್ರಯೋಜನವಿಲ್ಲ. ಮೈಯಡಿಗೆ ಸಿಕ್ಕಿದ ಹೊದಿಕೆಯ ಭಾಗ ಭಾರಕ್ಕೆ ಚಪ್ಪಟೆಯಾಗಿ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಗಾಳಿಯನ್ನು ಸಣ್ಣ ಸಣ್ಣ ಎಡೆಗಳಲ್ಲಿ ಅಲುಗದಂತೆ ಹಿಡಿದಿಡುವುದೇ ಬೆಚ್ಚನೆಯ ಹಾಸಿಗೆ. ಹುಲ್ಲು ಅದನ್ನು ಮಾಡುತ್ತದೆ. ಅಂಗಡಿಯಲ್ಲಿ ಅಗ್ಗವೆಂದು ನಾನು ಬಿಟ್ಟುಬಂದ ಫೋಮ್ ಚಾಪೆಯೂ ಮಾಡುತ್ತಿತ್ತು. ಉಸಿರಿನ ತೇವ ಡೇರೆಯ ಒಳಮೈಯಲ್ಲಿ ಹನಿಗಟ್ಟಿ ಹತ್ತಿಯ ರಜಾಯಿಯ ಮೇಲೆ ಬಿತ್ತು. ರಜಾಯಿ ತಣ್ಣಗೆ ಭಾರವಾಯಿತು, ಕಂಬಳಿ ಆಗಲಿಲ್ಲ. ಎರಡು ಗಂಟೆಯ ಸುಮಾರಿಗೆ ಒಂಬತ್ತರ ಮಗಳು ಎದ್ದು ಅಜ್ಜಿಯ ಕಂಬಳಿಯೊಳಗೆ ಸೇರಿದಳು. ಸ್ವಲ್ಪ ಹೊತ್ತಿಗೆ ಮಗನೂ. ನಾನು ಮಾತ್ರ ಮರ್ಯಾದೆಗಾಗಿ ನನ್ನ ಹಾಸಿಗೆಯಲ್ಲೇ ಉಳಿದೆ.

ನಸುಕಿಗೆ ಹತ್ತಿದೆವು. ಸುಮಾರು 1450 ಮೀಟರ್ ಎತ್ತರದ ಆ ನೆತ್ತಿಯಿಂದ ಎಲ್ಲರೂ ನೋಡಲು ಬರುವ ಮೋಡದ ಕಡಲು ಕೆಳಗೆ ಹರಡಿತ್ತು. ಮಕ್ಕಳು ಅದನ್ನು ನೋಡಿ ಕೂಗಾಡಿದರು. ರಾತ್ರಿಯೆಲ್ಲ ನಮ್ಮನ್ನು ನಡುಗಿಸಿದ ಗಾಳಿಯೇ ಅದು. ಅದರಡಿಯಲ್ಲೆಲ್ಲೋ ಅಮ್ಮ ಸಾಮಾಯಿಕಕ್ಕೆ ಕುಳಿತಿದ್ದರು.

ಒಂಬತ್ತಕ್ಕೆ ಇಳಿದು ಬಂದಾಗ ಕಂಬಳಿಗಳು ಬೇಲಿಯ ಮೇಲೆ ಬಿಸಿಲಿಗಿದ್ದವು. ಹುಲ್ಲೆಲ್ಲಿ ಎಂದಳು ಮಗಳು. ಅಮ್ಮ ಕೊಟ್ಟಿಗೆಯ ಕಡೆಗೆ ಕೈ ತೋರಿಸಿದರು. ಹಸು ಅದನ್ನು ಆಗಲೇ ಅರ್ಧ ತಿಂದು ಮುಗಿಸಿತ್ತು.