ಯಾರೂ ತಿದ್ದದ ಲೆಕ್ಕಗಳು

2020ರ ಜೂನ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ನನ್ನ ತರಗತಿಯ ಮಕ್ಕಳ ಮನೆಗಳನ್ನು ನಾನು ಎರಡು ಗುಂಪು ಮಾಡಿದ್ದೆ: ಓದಿನ ಬಗ್ಗೆ ಕಾಳಜಿ ಇರುವ ಮನೆಗಳು, ಇಲ್ಲದ ಮನೆಗಳು. ಬರೆದಿಟ್ಟ ಪಟ್ಟಿಯೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಯಾರ ಮನೆಯಿಂದ ಹೋಮ್‌ವರ್ಕಿನ ಫೋಟೋ ಬಂದಿದೆ, ಯಾರದು ಬಂದಿಲ್ಲ ಎಂದು ಕಾಣುತ್ತಿತ್ತು. ಅಷ್ಟಕ್ಕೇ ನನ್ನ ತೀರ್ಪು ಮುಗಿದಿರುತ್ತಿತ್ತು. ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳುವವಳು. ನನ್ನ ತೀರ್ಪಿನಿಂದ ಒಂದು ಮನೆಗೆ ಆದ ನೋವನ್ನು ನಾನೇ ಹೇಳಬೇಕು.

ಆ ಜೂನ್‌ನಲ್ಲಿ ರಾಜ್ಯದಲ್ಲೆಲ್ಲ ಆನ್‌ಲೈನ್ ತರಗತಿಯದೇ ಮಾತು. ಐದನೇ ತರಗತಿವರೆಗಿನ ಮಕ್ಕಳಿಗೆ ಅದು ಬೇಡ ಎಂದು ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ನಮ್ಮ ಹಳ್ಳಿಗೆ ಆ ವಾದ ತಲುಪಲೇ ಇಲ್ಲ. ಗುಡ್ಡದ ನೆತ್ತಿಗೆ ಹೋದರೆ ಇಂಟರ್ನೆಟ್, ಇಳಿದರೆ ಇಲ್ಲ. ಮಳೆ ಹಿಡಿದರೆ ಕರೆಂಟೂ ಇಲ್ಲ. ಅಂಥ ಊರಿನಲ್ಲಿ ನಾನು ವಾಟ್ಸ್ಆ್ಯಪ್ ಗುಂಪು ಮಾಡಿ ದಿನಕ್ಕೆ ಹತ್ತು ಲೆಕ್ಕ ಕಳಿಸುತ್ತಿದ್ದೆ, ಸಂಜೆಯೊಳಗೆ ಫೋಟೋ ಬರಬೇಕು ಎನ್ನುತ್ತಿದ್ದೆ. ಬಂದ ಫೋಟೋಗೆ ಹೆಬ್ಬೆರಳಿನ ಗುರುತು ಒತ್ತುತ್ತಿದ್ದೆ. ಪಾಠ ನಡೆಯುತ್ತಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ಒಬ್ಬ ಹುಡುಗಿಯ ಮನೆಯಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಚುರುಕಾಗಿದ್ದವಳು. ಜುಲೈನ ಒಂದು ರಾತ್ರಿ ಅವಳ ತಾಯಿಗೆ ಫೋನ್ ಮಾಡಿದೆ. “ಫೋನು ಅವ್ರ ಹತ್ರ ಇರುತ್ತೆ ಟೀಚರ್ರೇ. ತೋಟಕ್ಕೆ ಔಷಧಿ ಹೊಡೆಯಕ್ಕೆ ಹೋದವ್ರು ಬರೋದು ಕತ್ತಲಾದ ಮೇಲೆ” ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. “ಮಗಳ ಓದಿಗಿಂತ ದೊಡ್ಡದು ಏನಿದೆಯಮ್ಮ ನಿಮಗೆ?” ಎಂದೆ. ಆ ಕಡೆಯಿಂದ ಉತ್ತರ ಬರಲಿಲ್ಲ. ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಮಳೆಯ ಬಿಡುವು ನೋಡಿ ಔಷಧಿ ಹೊಡೆಯಬೇಕು. ಆ ಕೆಲವು ವಾರಗಳ ಕೂಲಿಯೇ ಎಷ್ಟೋ ಮನೆಗಳಿಗೆ ಮಳೆಗಾಲದ ಅನ್ನ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿಲ್ಲದ ಸಂಗತಿ ಆಗಿರಲಿಲ್ಲ.

ಅದೇ ತಿಂಗಳ ಕೊನೆಯಲ್ಲಿ ಇನ್ನೊಂದು ಕೆಲಸ ಮಾಡಿದೆ. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ತಾಯಿಯೊಬ್ಬರು ಮಕ್ಕಳು ದೂರದರ್ಶನದ ಪಾಠ ನೋಡಲೆಂದು ತಾಳಿ ಅಡವಿಟ್ಟು ಟಿವಿ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದನ್ನು ಗುಂಪಿಗೆ ಹಾಕಿ ‘ಮನಸ್ಸಿದ್ದರೆ ಮಾರ್ಗ’ ಎಂದು ಬರೆದೆ. ಒಬ್ಬ ತಾಯಿಗೆ ಕೊರಳ ತಾಳಿ ಬಿಚ್ಚುವ ಹೊತ್ತು ಬಂದದ್ದು ನಾವೆಲ್ಲ ತಲೆತಗ್ಗಿಸಬೇಕಾದ ಸಂಗತಿ. ನಾನು ಅದನ್ನೇ ಉಳಿದ ತಾಯಂದಿರಿಗೆ ಅಳತೆಗೋಲು ಮಾಡಿ ತೋರಿಸಿದ್ದೆ. ಮರುದಿನ ಆ ಹುಡುಗಿಯ ಮನೆಯ ನಂಬರು ಗುಂಪಿನಿಂದ ಹೊರಗೆ ಹೋಗಿತ್ತು. ‘ಇಷ್ಟೇ ಇವರ ಕಾಳಜಿ’ ಅಂದುಕೊಂಡೆ.

ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಶಾಲೆ ಮುಚ್ಚಿದ್ದರೂ ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ದೇವಸ್ಥಾನದ ಅಂಗಳ, ಮರದ ನೆರಳು, ಸಮುದಾಯ ಭವನ, ಎಲ್ಲಿ ಜಾಗವಿದೆಯೋ ಅಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳುವ ಯೋಜನೆ. ಹಾಗೆ ಮನೆಮನೆ ಹುಡುಕಿಕೊಂಡು ಹೋದಾಗ ಆ ಹುಡುಗಿಯ ಮನೆಗೂ ಹೋದೆ. ಅವಳು ಒಳಗಿನಿಂದ ನೋಟ್‌ಬುಕ್ ತಂದು ಕೊಟ್ಟಳು.

ಗುಂಪಿನಿಂದ ಹೊರಗೆ ಹೋಗುವವರೆಗೆ ನಾನು ಕಳಿಸಿದ ಲೆಕ್ಕಗಳೆಲ್ಲ ಅದರಲ್ಲಿದ್ದವು, ದಿನಾಂಕ ಹಾಕಿ, ಒಂದೂ ಬಿಡದೆ. ಅಪ್ಪ ರಾತ್ರಿ ಬಂದ ಮೇಲೆ ಫೋನ್ ಇಸಿದುಕೊಂಡು, ಅಮ್ಮನ ಜೊತೆ ಟಾರ್ಚ್ ಹಿಡಿದು ಗುಡ್ಡದ ಅರ್ಧಕ್ಕೆ ಹತ್ತಿ, ಲೆಕ್ಕ ಬರೆದುಕೊಂಡು ಬರುತ್ತಿದ್ದಳಂತೆ. ಅಕ್ಷರ ಅಲ್ಲಿಯವರೆಗೆ ಬರುತ್ತಿತ್ತು. ಫೋಟೋ ಮಾತ್ರ ಎಷ್ಟು ಹೊತ್ತು ಕಾದರೂ ಹೋಗುತ್ತಿರಲಿಲ್ಲ. ಗುಂಪಿನಿಂದ ಯಾಕೆ ಹೊರಗೆ ಹೋದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಪುಟ ತಿರುಗಿಸುತ್ತ ಹೋದಂತೆ ಇನ್ನೊಂದು ಕಂಡಿತು. ಭಿನ್ನರಾಶಿ ಕೂಡುವಾಗ ಅವಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿಬಿಡುತ್ತಿದ್ದಳು. ಅರ್ಧಕ್ಕೆ ಕಾಲು ಕೂಡಿಸಿ ಆರರಲ್ಲಿ ಎರಡು ಎಂದು ಬರೆದಿದ್ದಳು. ಮೊದಲ ಪುಟದ ತಪ್ಪೇ ಕೊನೆಯ ಪುಟದಲ್ಲೂ ಇತ್ತು. ಅಷ್ಟು ವಾರ ಶ್ರದ್ಧೆಯಿಂದ ಅವಳು ತಪ್ಪನ್ನೇ ಅಭ್ಯಾಸ ಮಾಡಿದ್ದಳು. ತರಗತಿಯಲ್ಲಾಗಿದ್ದರೆ ಬೆಂಚುಗಳ ನಡುವೆ ಓಡಾಡುವಾಗ ಮೊದಲ ಲೆಕ್ಕದಲ್ಲೇ ನಾನು ಹಿಡಿಯುತ್ತಿದ್ದ ತಪ್ಪು ಅದು.

“ನಾನು ಓದಿದೋಳಲ್ಲ ಟೀಚರ್ರೇ, ಸರಿನೋ ತಪ್ಪೋ ನಂಗೆ ಗೊತ್ತಾಗಲ್ಲ. ದಿನಾ ಬರೀ ಅಂತ ಕೂರಿಸ್ತಿದ್ದೆ ಅಷ್ಟೆ” ಎಂದರು ತಾಯಿ, ತಪ್ಪು ತಮ್ಮದೇ ಎಂಬಂತೆ. ಅಕ್ಕಿ ಡಬ್ಬಿಯ ಹತ್ತಿರ ಸೇರು, ಪಾವು ಇದ್ದವು. “ಅಚ್ಚೇರಿಗೆ ಒಂದು ಪಾವು ಹಾಕಿದರೆ ಎಷ್ಟಮ್ಮ?” ಎಂದು ಕೇಳಿದೆ. “ಮುಕ್ಕಾಲು ಸೇರು” ಎಂದರು ಥಟ್ಟನೆ. ಮಗಳು ಅಮ್ಮನ ಮುಖ ನೋಡಿದಳು, ತನ್ನ ನೋಟ್‌ಬುಕ್ ನೋಡಿದಳು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಆ ಪ್ರಶ್ನೆ ಅವಳಿಗೇ ಹೊಳೆಯಿತು. ಮುಂದಿನ ಲೆಕ್ಕಗಳನ್ನೆಲ್ಲ ಅವಳೇ ತಿದ್ದಿಕೊಂಡಳು.

ಮನೆಗೆ ಬಂದು ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನು ಒಂದೊಂದಾಗಿ ತೆಗೆದೆ. ಎಷ್ಟೋ ಉತ್ತರಗಳು ದೊಡ್ಡವರ ಕೈಬರಹದಲ್ಲಿದ್ದವು. ಕೆಲವು ಒಬ್ಬರದನ್ನೊಬ್ಬರು ನೋಡಿ ಬರೆದವು. ಇನ್ನು ಕೆಲವರಲ್ಲಿ ಅದೇ ಭಿನ್ನರಾಶಿಯ ತಪ್ಪು, ಅದರ ಕೆಳಗೆ ನನ್ನ ಹೆಬ್ಬೆರಳು.

ಮರುದಿನ ಆ ತಾಯಿಯ ಬಳಿ ಹೋಗಿ ನನ್ನ ಮಾತು ತಪ್ಪಾಯಿತು ಎಂದೆ. “ಹೋಗ್ಲಿ ಬಿಡಿ” ಎಂದರು. ನಾನು ಫೋನ್ ಮಾಡಿದ ಆ ರಾತ್ರಿ ಅವರಿಗೆ ನಿದ್ದೆ ಬಂದಿರಲಿಲ್ಲ ಎಂದು ಗೊತ್ತಾದದ್ದು ಬಹಳ ದಿನಗಳ ಮೇಲೆ, ಮಗಳಿಂದ.

ಸೋಂಕಿನ ಆತಂಕದಿಂದ ಅಕ್ಟೋಬರ್ 10ರಂದು ವಿದ್ಯಾಗಮವನ್ನು ನಿಲ್ಲಿಸಲಾಯಿತು. ಅಷ್ಟರಲ್ಲಿ ನಾನು ಬೇರೆ ದಾರಿ ಹಿಡಿದಿದ್ದೆ. ಹತ್ತು ಲೆಕ್ಕದ ಬದಲು ಒಂದೇ ಲೆಕ್ಕ. ಫೋಟೋ ಬೇಡ. ಅಪ್ಪಂದಿರು ಕೆಲಸದಿಂದ ಬಂದ ಮೇಲೆ ಸಾಮಾನ್ಯ ಕರೆ ಮಾಡಿ, “ಹೇಗೆ ಮಾಡಿದೆ ಹೇಳು ಮರಿ” ಎಂದು ಕೇಳುವುದು. ದಿನವೂ ಎಲ್ಲರಿಗೂ ಆಗುತ್ತಿರಲಿಲ್ಲ, ಸರದಿ ಇಟ್ಟುಕೊಂಡೆ. ಬಿಸಿಯೂಟದ ಬದಲಿಗೆ ಕೊಡುವ ಅಕ್ಕಿ ಬೇಳೆ ಒಯ್ಯಲು ಪೋಷಕರು ಶಾಲೆಗೆ ಬರುತ್ತಿದ್ದರಲ್ಲ, ಅಂದು ನೋಟ್‌ಬುಕ್ ತರಿಸಿ, ತಿದ್ದಿ, ಮುಂದಿನ ಸಲ ವಾಪಸು ಕೊಡುತ್ತಿದ್ದೆ. ಶೇಕಡ ಪಾಠ ಬಂದಾಗ ಲೆಕ್ಕವನ್ನು ಮಕ್ಕಳ ಅಪ್ಪಂದಿರಿಂದಲೇ ಕೇಳಿಸಿದೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ: ಶೇಕಡ ಒಂದರ ಬೋರ್ಡೋ ದ್ರಾವಣ. ಇನ್ನೂರೈವತ್ತು ಲೀಟರ್ ಡ್ರಮ್ಮಿಗೆ ಎಷ್ಟು? ಫೋನಿನಲ್ಲಿ ಮಗನಿಗಿಂತ ಮೊದಲು ಹಿಂದಿನಿಂದ ಅಪ್ಪ “ಎರಡೂವರೆ” ಎಂದು ಕೂಗಿದ ಮನೆಗಳಿದ್ದವು. ಶಾಲೆ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಆ ಮನುಷ್ಯರ ದನಿಯಲ್ಲಿ ಹಿಂದೆಂದೂ ಕೇಳದ ಹುರುಪಿತ್ತು.

2021ರ ಜೂನ್‌ನಲ್ಲಿ, ಎರಡನೇ ಅಲೆಯ ಲಾಕ್‌ಡೌನಿನಲ್ಲಿ, ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ಎಲ್ಲರ ಫೋನಿಗೂ ಬಂತು. ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಅದನ್ನು ನಾನು ಪೋಷಕರ ಗುಂಪಿಗೆ ಹಾಕಲಿಲ್ಲ. ನಮ್ಮ ಊರಿನಲ್ಲಿ ಹಾಗೆ ನಿಂತವರು ಯಾರು ಯಾರು ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು.

ಆ ಎರಡು ವರ್ಷ ಮಕ್ಕಳಿಗೆ ತಾವು ಏನೂ ಮಾಡಲಿಲ್ಲ ಎಂದು ಕೊರಗುವ ತಂದೆತಾಯಿಯರು ಈಗಲೂ ಸಿಗುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು: ತಪ್ಪು ತಿದ್ದುವುದು ನಮ್ಮ ಕೆಲಸವಾಗಿತ್ತು, ಅದನ್ನೂ ನಿಮ್ಮ ಹೆಗಲಿಗೆ ಹಾಕಿದ್ದು ನಾವು. ನೀವು ಮಕ್ಕಳನ್ನು ಉಣಿಸಿದಿರಿ, ಹೆದರಿಕೆಯ ದಿನಗಳಲ್ಲಿ ಹತ್ತಿರ ಕೂರಿಸಿಕೊಂಡಿರಿ, ಪುಸ್ತಕ ಕೈಬಿಡದಂತೆ ನೋಡಿಕೊಂಡಿರಿ. ಕಲಿಕೆಯಲ್ಲಿ ಬಿಟ್ಟುಹೋದದ್ದು ಸಾಕಷ್ಟಿದೆ, ಅದನ್ನು ತುಂಬಿಸುವ ಹೊಣೆ ಇನ್ನೂ ನಮ್ಮದೇ.

ಮಲೆನಾಡಿನಲ್ಲಿ ಜುಲೈ ಬಂದರೆ ಮಳೆ ರಜೆ. ಜಿಲ್ಲಾಧಿಕಾರಿಗಳ ಆದೇಶ ಬಂದ ಹಿಂದೆಯೇ ಎಷ್ಟೋ ಕಡೆ ಮಕ್ಕಳ ಫೋನಿಗೆ ಹೋಮ್‌ವರ್ಕೂ ಬರುತ್ತದೆ. ನನ್ನ ತರಗತಿಯವರಿಗೆ ಬರುವುದು ಒಂದೇ ಲೆಕ್ಕ. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೆ ಅದೂ ಬೇಡ, ಶಾಲೆಗೆ ಬಂದ ದಿನ ಬೋರ್ಡಿನ ಮೇಲೆ ಒಟ್ಟಿಗೆ ಮಾಡೋಣ ಎಂದು ಹೇಳಿದ್ದೇನೆ.