ಕೇಳುವವನಿಗೆ ಉತ್ತರ ತಿಳಿಯದ ಪ್ರಶ್ನೆಗಳು

ಬಳ್ಳಿಗಾವಿಯ ಅಲ್ಲಮಪ್ರಭು ಮತ್ತು ಉಡುತಡಿಯ ಅಕ್ಕಮಹಾದೇವಿ ಇಬ್ಬರೂ ನಮ್ಮ ಶಿಕಾರಿಪುರ ಸೀಮೆಯವರೆಂಬುದು ಪರಂಪರೆಯ ನಂಬಿಕೆ. ಇವರು ದೂರದ ಕಲ್ಯಾಣದಲ್ಲಿ ಎದುರಾದಾಗ ಊರ ಕಡೆಯ ಕ್ಷೇಮಸಮಾಚಾರ ಮಾತಾಡಿರಬಹುದೆಂದು ನಿಮ್ಮಂತೆ ನಾನೂ ಊಹಿಸಿದ್ದುಂಟು. ಆದರೆ ಶೂನ್ಯಸಂಪಾದನೆಯ ಅಲ್ಲಮ, ಉಡುಗೆ ತೊರೆದವಳಿಗೆ ಕೂದಲಿನ ಮರೆಯೇಕೆಂದು ನೇರವಾಗಿ ಕೇಳಿಬಿಡುತ್ತಾನೆ! ಆಕೆ ಉತ್ತರಿಸಿದಂತೆಲ್ಲ ಮತ್ತೊಂದು ಪ್ರಶ್ನೆ. ಹನ್ನೆರಡನೆಯ ಶತಮಾನದ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂವಾದರೂಪದಲ್ಲಿ ಹೆಣೆದ ಕೃತಿಯಿದು. ಆದ್ದರಿಂದ ನಡೆದದ್ದು ಹೀಗೆಯೇ ಎನ್ನಲಾಗದು. ಆದರೂ ಅನುಭವವನ್ನು ಉಪದೇಶದಿಂದಲ್ಲದೆ ಪ್ರಶ್ನೆಗಳಿಂದ ಹೊರತೆಗೆಯುವ ಅದರ ಕ್ರಮ ನನ್ನನ್ನು ಬಹುಕಾಲದಿಂದ ಸೆಳೆದಿದೆ.

ಉಪಾಧ್ಯಾಯನ ಪ್ರಶ್ನೆಯ ಜಾತಿ ಬೇರೆ. ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಅವನು ಕೇಳುತ್ತಾನೆ. ನನ್ನ ಕೈಯಲ್ಲಿ ಕಲಿತ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ನಿವೃತ್ತಿಯ ನಂತರ ಸೊರಬದಲ್ಲಿ, ಶ್ರಾವಣ ಸೋಮವಾರಗಳ ಸಂಜೆ ಹತ್ತು ಹನ್ನೆರಡು ಜನ ಕುಳಿತು ವಚನ ಓದುತ್ತಿದ್ದೆವು. ಒಬ್ಬರು ಅರ್ಥ ಹೇಳುವುದು, ಉಳಿದವರು ತಲೆದೂಗುವುದು, ಮಂಡಕ್ಕಿ ತಿಂದು ಮನೆಗೆ ಹೊರಡುವುದು. ಕ್ರೈಸ್ತರಾದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಸಭೆಯ ಪ್ರಾರ್ಥನಾ ಕೂಟದ ರೀತಿಯನ್ನು ಒಮ್ಮೆ ವಿವರಿಸಿದರು. ಅಲ್ಲಿ ಸತ್ಯವೇದದ ಭಾಗವನ್ನು ಓದಿದ ಮೇಲೆ ಮುಂದಾಳು ಬೋಧಿಸುವಂತಿಲ್ಲ, ಕೇಳಬೇಕು: ಈ ಮಾತು ನಿಮ್ಮ ಮನೆಯಲ್ಲಿ ಎಲ್ಲಿ ತಾಗುತ್ತದೆ? ಬರುವ ವಾರದೊಳಗೆ ಏನು ಮಾಡುವಿರಿ? ಅದಕ್ಕೆ ಅಡ್ಡಿ ಯಾವುದು? ಮುಂದಿನ ವಾರ ಮೊದಲ ಮಾತೇ, "ಏನಾಯಿತು?"

ಇಂತಹ ಕೂಟಗಳಿಗೆ ಹಳೆಯ ಚರಿತ್ರೆಯಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾ ಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿಯಂತೆ ಕೂಡಿಸತೊಡಗಿದರು. ಸುಮಾರು ಹನ್ನೆರಡು ಜನರಿಗೊಬ್ಬನಂತೆ ನೇಮಕವಾದವನು ಹಣಕ್ಕೆಂದು ಮನೆಮನೆಗೆ ಹೋದಾಗ ಜನರ ಬಾಳುವೆಯೂ ಕಣ್ಣಿಗೆ ಬಿತ್ತು. ಹಣದ ಜೊತೆಗೆ ಆತ್ಮದ ಕ್ಷೇಮವನ್ನೂ ವಿಚಾರಿಸುವ ಪದ್ಧತಿ ಬೆಳೆಯಿತು. ಸಾಲದಿಂದಲೂ ಸತ್ಸಂಗ ಹುಟ್ಟಬಹುದೆಂದು ನಾನು ನಕ್ಕಿದ್ದೆ. ಮೈಸೂರು ಸಂಸ್ಥಾನದಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದ ವೆಸ್ಲಿಯನ್ ಮಿಷನ್ ಈ ಪರಂಪರೆಯದೇ.

ಮುಂದಿನ ಸೋಮವಾರ ನಮ್ಮಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವಿತ್ತು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಕೆ ಹಿಂದಕ್ಕೆ ಕಳಿಸಿದ ಕಥೆ ನಿಮಗೆಲ್ಲ ಗೊತ್ತು. ಈ ಬಾರಿ ಅರ್ಥ ಹೇಳಲಿಲ್ಲ. "ನಮ್ಮ ಮನೆಯಲ್ಲಿ ಇನ್ನೊಬ್ಬರ ಪಾಲು ಯಾವುದಾದರೂ ಉಳಿದಿದೆಯೇ?" ಎಂದಷ್ಟೇ ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಮೌನವನ್ನು ಸಹಿಸುವುದು ಸುಲಭವಲ್ಲ. ಉತ್ತರ ಹೇಳಿಕೊಡಲು ನಾಲಗೆ ತುರಿಸುತ್ತದೆ. ಕೊನೆಗೆ ಗೃಹಿಣಿಯೊಬ್ಬರು, ತೋಟದ ಕೆಲಸಕ್ಕೆ ಬರುವ ಹೆಂಗಸಿನ ಕಾಫಿ ಲೋಟ ಇಂದಿಗೂ ಹಿತ್ತಿಲ ಗೋಡೆಯ ಗೂಡಿನಲ್ಲಿದೆ, ಅದನ್ನು ಒಳಗೆ ತರುವೆನೆಂದರು. ಅಡಿಕೆ ತೋಟದ ಹಿರಿಯರೊಬ್ಬರು, "ಇದು ವಚನ ಓದುವ ಜಾಗ, ಪಂಚಾಯಿತಿಯಲ್ಲ" ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ನನಗೆ ವ್ಯಥೆಯಾಯಿತು, ಆದರೂ ಕರೆತರಲು ಪ್ರಶ್ನೆಯನ್ನು ಮೆದುಗೊಳಿಸಬೇಕೆನಿಸಲಿಲ್ಲ.

ವಾರದ ನಂತರ ಆ ಗೃಹಿಣಿಯನ್ನು "ಏನಾಯಿತು?" ಎಂದು ಕೇಳಿದೆ. ಲೋಟ ಒಳಗೆ ಬಂದಿತ್ತು. ಅತ್ತೆ ನಾಲ್ಕು ದಿನ ಮಾತು ಬಿಟ್ಟಿದ್ದರು. ಕೆಲಸದಾಕೆಯಾದರೋ, "ನನಗೆ ಹೊರಗಿನದೇ ಸಾಕು ಅಮ್ಮಾ" ಎಂದು ಹಳೆಯ ಲೋಟವನ್ನೇ ಹುಡುಕಿದ್ದಳು.

"ಆಕೆಗೆ ಬೇಕಾದುದೇನೆಂದು ಯಾರಾದರೂ ಕೇಳಿದರೇ?" ಎಂದರು ಕೂಟದ ಇನ್ನೊಬ್ಬರು. ಕೇಳಿರಲಿಲ್ಲ.

ಮತ್ತೊಂದು ವಾರದಲ್ಲಿ ಆ ಉತ್ತರವೂ ಬಂತು. ಲೋಟ ಎಲ್ಲಿದ್ದರೂ ಆದೀತು, ಶನಿವಾರದ ಕೂಲಿಯನ್ನು ಶನಿವಾರವೇ ಕೊಟ್ಟರೆ ಸಂತೆಗೆ ಹೋಗಬಹುದೆಂದಿದ್ದಳಂತೆ ಆಕೆ. ಮಂಗಳವಾರ ಬುಧವಾರದವರೆಗೆ ಎಳೆಯುವುದು ಆ ಮನೆಯ ರೂಢಿಯಾಗಿತ್ತು. ಈಗ ಶನಿವಾರ ಸಂಜೆಯೇ ಕೊಡುತ್ತಾರೆ. ಲೋಟವೂ ಒಳಗೇ ಇದೆ. ಅತ್ತೆಯವರು ಅದಕ್ಕೆ ಇನ್ನೂ ಕೈ ತಾಗಿಸುವುದಿಲ್ಲ.