ಭೀಷ್ಮ ಕಾಣದ ದಿನ

ಕಳೆದ ಮಳೆಗಾಲದಲ್ಲಿ ಕೇಳಿದ ಒಂದು ತಾಳಮದ್ದಳೆಯ ಮಾತು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಪ್ರಸಂಗ ಭೀಷ್ಮಪರ್ವ. ಪದ್ಯಕ್ಕೆ ಭೀಷ್ಮನಾಗಿ ಮಾತಿನಲ್ಲಿ ಅರ್ಥ ಹೇಳುತ್ತಿದ್ದವರು ಒಳ್ಳೆಯ ಕಂಠದ, ಓದಿಕೊಂಡ ತರುಣ. ಹಾಡುವ ಭಾಗವತರ ಪದ್ಯ ಮುಗಿದದ್ದೇ ತಡ, ಕೌರವನಿಗೆ ಬುದ್ಧಿ ಹೇಳುತ್ತ ಆವೇಶ ಏರಿತು. ‘ಚಕ್ರವ್ಯೂಹದಲ್ಲಿ ಎಳೆಯ ಅಭಿಮನ್ಯುವನ್ನು ಸುತ್ತುಗಟ್ಟಿ ಕೊಂದಿರಲ್ಲ, ಆ ಪಾಪ ಬಿಟ್ಟೀತೇ?’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಎದುರಿಗಿದ್ದ ಕೌರವನೂ ತಲೆ ತಗ್ಗಿಸಿದ.

ಭೀಷ್ಮ ಬಿದ್ದದ್ದು ಯುದ್ಧದ 10ನೆಯ ದಿನ. ಅಭಿಮನ್ಯು ಸತ್ತದ್ದು 13ನೆಯ ದಿನ, ದ್ರೋಣರ ಸೇನಾಪತ್ಯದಲ್ಲಿ.

ಕಥೆ ಎಲ್ಲರಿಗೂ ಗೊತ್ತಿರುವುದೇ, ಮೂರು ದಿನ ಹಿಂದೆಮುಂದೆ ಆದರೇನು ಎಂದು ಪಕ್ಕದಲ್ಲಿದ್ದವರು ಸಮಾಧಾನ ಹೇಳಿದರು. ನಮಗೆ ಗೊತ್ತು, ಸ್ವಾಮಿ, ಭೀಷ್ಮನಿಗೆ ಗೊತ್ತಿಲ್ಲ. ಆ ಅಂತರದಲ್ಲೇ ಅಲ್ಲವೇ ರಸ ಇರುವುದು? ಯುದ್ಧಕ್ಕೆ ಮೊದಲು ಎರಡೂ ಕಡೆಯವರು ನಿಯಮ ಮಾಡಿಕೊಂಡಿದ್ದರು: ಸಮಾನನೊಡನೆಯೇ ಕಾದಬೇಕು, ಆಯುಧ ಕಳೆದುಕೊಂಡವನನ್ನು ಹೊಡೆಯಬಾರದು. ಶಿಖಂಡಿಯನ್ನು ಮುಂದಿಟ್ಟುಕೊಂಡು ಅಜ್ಜನನ್ನು ಕೆಡವಿದಾಗ ಆ ಕಟ್ಟು ಬಿರುಕು ಬಿಟ್ಟಿತು. ಅಭಿಮನ್ಯುವಿನ ದಿನ ಪೂರ್ತಿ ಮುರಿಯಿತು. ಮುರಿದದ್ದನ್ನು ಭೀಷ್ಮನ ಬಾಯಲ್ಲಿ ಮೊದಲೇ ಹೇಳಿಸಿಬಿಟ್ಟರೆ, ಅವನು ಇನ್ನೂ ನಂಬಿಕೊಂಡು ಹೋರಾಡುತ್ತಿರುವುದು ಯಾವುದನ್ನು?

ಈ ಕಾಲದ ಲೆಕ್ಕವನ್ನು ಕಾದುಕೊಂಡು ಬಂದವರು ಒಬ್ಬಿಬ್ಬರಲ್ಲ. ಪರಶುರಾಮನನ್ನೇ ನೋಡಿ. ವಾಲ್ಮೀಕಿಯಲ್ಲಿ ಅವನು ಮದುವೆ ಮುಗಿಸಿ ಬರುವ ರಾಮನನ್ನು ದಾರಿಯಲ್ಲಿ ತಡೆದು, ತೇಜಸ್ಸು ಕಳೆದುಕೊಂಡು, ಮಹೇಂದ್ರ ಪರ್ವತಕ್ಕೆ ಹಿಂದಿರುಗುತ್ತಾನೆ. ಯುಗ ಬದಲಾಗುತ್ತದೆ, ಗ್ರಂಥ ಬದಲಾಗುತ್ತದೆ, ಕವಿ ಬದಲಾಗುತ್ತಾನೆ. ಭಾರತದಲ್ಲಿ ಅಸ್ತ್ರ ಬೇಡಲು ದ್ರೋಣ ಎಲ್ಲಿಗೆ ಹೋದ? ಮಹೇಂದ್ರಕ್ಕೆ. ಸುಳ್ಳು ಹೇಳಿ ವಿದ್ಯೆ ಕಲಿತ ಕರ್ಣ? ಅವನೂ ಮಹೇಂದ್ರಕ್ಕೇ. ಮುನಿಯ ವಿಳಾಸ ಮಾತ್ರ ತಪ್ಪಲಿಲ್ಲ! ಅಂಬೆಗಾಗಿ ಅದೇ ಮುನಿ ಶಿಷ್ಯ ಭೀಷ್ಮನೊಡನೆ 23 ದಿನ ಕಾದಿದಾಗ, ರಾಮನ ಮುಂದೆ ಒಮ್ಮೆ ತಗ್ಗಿದವನು ಇವನೇ ಎಂಬ ನೆನಪು ಕೇಳುಗನ ಮನಸ್ಸಿನಲ್ಲಿ ಇರುತ್ತದೆ. ‘ಭೀಷ್ಮವಿಜಯ’ದಲ್ಲಿ ಬಲ್ಲ ಅರ್ಥಧಾರಿ ಆ ನೆನಪನ್ನು ಎಷ್ಟು ಹದವಾಗಿ ಕೆಣಕುತ್ತಾನೆ! ಜಾಂಬವಂತನೂ ಹಾಗೆಯೇ. ಭಾಗವತದಲ್ಲಿ ಕೃಷ್ಣನೊಡನೆ 28 ದಿನ ಗುದ್ದಾಡಿ, ಕೊನೆಗೆ ಇವನು ಅಂದು ಸಮುದ್ರಕ್ಕೆ ಸೇತುವೆ ಕಟ್ಟಿಸಿದವನೇ ಎಂದು ಗುರುತು ಹಿಡಿಯುತ್ತಾನೆ. ಮೊದಲ ಗುದ್ದಿಗೇ ಗುರುತು ಸಿಕ್ಕಿದ್ದರೆ ‘ಜಾಂಬವತಿ ಕಲ್ಯಾಣ’ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ಕವಿಗಳು ಕಥೆಯನ್ನು ಬದಲಿಸಲಿಲ್ಲವೆಂದಲ್ಲ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಅದು ಅವನ ಧೈರ್ಯ. ಕುಮಾರವ್ಯಾಸ ತನ್ನ ಭಾರತವನ್ನು 10 ಪರ್ವಗಳಿಗೆ ನಿಲ್ಲಿಸಿದ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ, ನಿಂತಲ್ಲಿಂದಲೇ ಎತ್ತಿಕೊಂಡು ಉಳಿದ ಪರ್ವಗಳನ್ನು ಮುಗಿಸಿದ. ಇನ್ನೊಬ್ಬರು ನಿಲ್ಲಿಸಿದ ಜಾಗವನ್ನು ಗೌರವಿಸುವುದು ಎಂದರೆ ಇದು.

ತಾಳಮದ್ದಳೆಗೆ ಈ ಗೌರವ ಇನ್ನೂ ಹೆಚ್ಚು ಬೇಕು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಪದ್ಯಗಳಷ್ಟೇ ಆಧಾರ, ಉಳಿದ ಜಗತ್ತನ್ನೆಲ್ಲ ನಾಲ್ಕಾರು ಜನ ಕುಳಿತಲ್ಲೇ ಮಾತಿನಿಂದ ಕಟ್ಟಬೇಕು. ಒಬ್ಬರು ದಿನ ತಪ್ಪಿದರೆ ಉಳಿದವರ ಪಾತ್ರವೂ ತಪ್ಪುತ್ತದೆ. ಆದರೆ ತಿದ್ದುವ ದಾರಿಯೂ ಈ ಕಲೆಯ ಒಳಗೇ ಇದೆ. ಅಂದು ಕೌರವ ತಲೆ ತಗ್ಗಿಸುವ ಬದಲು, ‘ಅಜ್ಜಾ, ಅಭಿಮನ್ಯು ಈಗಷ್ಟೇ ಪಾಂಡವರ ಪಾಳೆಯದಲ್ಲಿ ಬಿಲ್ಲಿಗೆ ಹೆದೆ ಏರಿಸುತ್ತಿದ್ದಾನೆ, ನೀವು ಕನಸು ಕಂಡಿರೇನು?’ ಎಂದು ಕೇಳಬಹುದಿತ್ತು. ಭೀಷ್ಮನಿಗೆ ‘ಹೌದು ಮಗೂ, ಕೆಟ್ಟ ಕನಸು’ ಎನ್ನಲು ಅವಕಾಶ ಸಿಗುತ್ತಿತ್ತು; ತಪ್ಪಿದ ಮಾತು ಅಪಶಕುನವಾಗಿ ಕಥೆಯೊಳಗೇ ಸೇರಿಕೊಳ್ಳುತ್ತಿತ್ತು.

ತರುಣ ಅರ್ಥಧಾರಿಗಳೇ, ಉಪಮೆ, ಶ್ಲೋಕ ಕಡಿಮೆಯಾದರೆ ಚಿಂತೆಯಿಲ್ಲ. ಕುಳಿತುಕೊಳ್ಳುವ ಮೊದಲು ನಿಮ್ಮ ಪಾತ್ರಕ್ಕೆ ಆ ಹೊತ್ತಿನವರೆಗೆ ಏನೇನು ಗೊತ್ತಿದೆ ಎಂಬುದನ್ನು ಲೆಕ್ಕ ಹಾಕಿಕೊಳ್ಳಿ. ಎದುರಿನವರು ತಪ್ಪಿದರೆ ಪಾತ್ರದೊಳಗೆ ನಿಂತೇ ಕೇಳಿ. ಸುಮ್ಮನೆ ಬಿಡಬೇಡಿ.